ಕರುಳಿನ ಉರಿಯೂತ ಮತ್ತು ಗಡ್ಡೆ

ಬಳ್ಳಿಗಾವಿಯ ಕೇದಾರೇಶ್ವರನ ದರ್ಶನಕ್ಕೆ ಹೋದ ಭಕ್ತರು ಅಲ್ಲಿದ್ದ ಕೋಡಿಮಠದ ಹೆಸರನ್ನು ಕೇಳಿರುತ್ತಾರೆ. 1162ರ ಶಾಸನವು ಆ ಮಠವನ್ನು ವಿದ್ಯೆಯ, ಅನ್ನದಾನದ ನೆಲೆಯೆಂದು ವರ್ಣಿಸುವುದಲ್ಲದೆ, ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೆಂದೂ ಹೇಳುತ್ತದೆ. ಅಂತಹ ಸೀಮೆಯವರಾದ ನಾವು ಮಲದಲ್ಲಿ ರಕ್ತ ಕಂಡರೆ ಮನೆಯವರಿಗೂ ಹೇಳಲು ನಾಚುತ್ತೇವೆ. ಮೂಲವ್ಯಾಧಿಯೆಂದು ನಾವೇ ತೀರ್ಮಾನಿಸಿ ತಿಂಗಳುಗಳನ್ನು ಕಳೆಯುತ್ತೇವೆ.

ಗಾಯವಾದ ಭಾಗ ಕೆಂಪೇರಿ, ಬಿಸಿಯಾಗಿ, ಬಾತು ನೋಯುವುದೇ ಉರಿಯೂತ. ಅದು ಶರೀರದ ರಕ್ಷಣಾಕಾರ್ಯ. ಜೀವಕೋಶದ ಪೊರೆಯಲ್ಲಿರುವ ಅರಾಕಿಡೋನಿಕ್ ಎಂಬ ಕೊಬ್ಬಿನಾಮ್ಲವು ಬಿಡುಗಡೆಯಾದಾಗ, ಸೈಕ್ಲೋಆಕ್ಸಿಜಿನೇಸ್ ಎಂಬ ಕಿಣ್ವವು ಅದನ್ನು ಪ್ರೋಸ್ಟಾಗ್ಲಾಂಡಿನ್‌ಗಳಾಗಿ ಮಾರ್ಪಡಿಸುವ ಕೆಲಸವನ್ನು ಆರಂಭಿಸುತ್ತದೆ. ಈ ಕಿಣ್ವದಲ್ಲಿ ಎರಡು ಬಗೆ. ಕಾಕ್ಸ್-1 ಸದಾ ಕಾರ್ಯನಿರತವಾಗಿದ್ದು ಜಠರದ ಒಳಪದರವನ್ನು ಕಾಯುತ್ತದೆ. ಕಾಕ್ಸ್-2 ಮುಖ್ಯವಾಗಿ ಕರೆ ಬಂದಾಗ ಬಂದು, ಗಾಯ ಮಾಗಿದ ಮೇಲೆ ಹಿಂದಿರುಗಬೇಕಾದದ್ದು.

ದೊಡ್ಡಕರುಳಿನ ಗಡ್ಡೆಗಳಲ್ಲಿ ಅದು ಹಿಂದಿರುಗುವುದಿಲ್ಲ. 1994ರಲ್ಲಿ ಅಮೆರಿಕದ ಸಂಶೋಧಕರು 14 ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸಿದಾಗ 12ರಲ್ಲಿ ಕಾಕ್ಸ್-2 ಹೆಚ್ಚಿತ್ತು. ಇನ್ನೂ ಕ್ಯಾನ್ಸರ್ ಆಗದ ಸಣ್ಣ ಗಂಟುಗಳಲ್ಲಿ ಅರ್ಧಕ್ಕಿಂತ ಕಡಿಮೆ ಸಂಖ್ಯೆಯವುಗಳಲ್ಲಿ ಮಾತ್ರ ಹಾಗಿತ್ತು. ಹೀಗೆ ಹೆಚ್ಚುವ ಪ್ರೋಸ್ಟಾಗ್ಲಾಂಡಿನ್ ಇ-2 ಕೋಶಗಳನ್ನು ಬೆಳೆಯಲು ಪ್ರೇರೇಪಿಸುತ್ತದೆ, ಸಾಯಬೇಕಾದ ಕೋಶವನ್ನು ಉಳಿಸುತ್ತದೆ, ಗಡ್ಡೆಗೆ ಹೊಸ ರಕ್ತನಾಳಗಳನ್ನು ಒದಗಿಸುತ್ತದೆ.

ಆಸ್ಪಿರಿನ್ ಪ್ರೋಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು. ಲಿಂಚ್ ಎಂಬ ಆನುವಂಶಿಕ ದೋಷವುಳ್ಳವರಲ್ಲಿ ಅದು ಕರುಳಿನ ಕ್ಯಾನ್ಸರನ್ನು ತಗ್ಗಿಸಿದ್ದೂ ಉಂಟು. ಹಾಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗತೊಡಗಬಾರದು. ಆಸ್ಪಿರಿನ್ ಕಾಕ್ಸ್-1ನ್ನೂ ಕಟ್ಟಿಹಾಕುವುದರಿಂದ ಜಠರದಲ್ಲಿ ರಕ್ತಸ್ರಾವವಾಗಬಹುದು. ಕಾಕ್ಸ್-2ನ್ನು ಮಾತ್ರ ತಡೆಯಲು ಬಂದ ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯವನ್ನು ಹೆಚ್ಚಿಸಿದ್ದರಿಂದ 2004ರಲ್ಲಿ ಮಾರುಕಟ್ಟೆಯಿಂದಲೇ ಹೊರಬಿತ್ತು.

ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹಲವು ವರ್ಷಗಳು ಬೇಕು. ಆ ಅವಧಿಯಲ್ಲಿ ಕೊಲೊನೋಸ್ಕೋಪಿಯಿಂದ ಅದನ್ನು ಕಂಡು, ಆಗಲೇ ತೆಗೆದುಹಾಕಬಹುದು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಕಾರಣವಿಲ್ಲದ ರಕ್ತಹೀನತೆ ಅಥವಾ ತೂಕನಷ್ಟ ಕಂಡವರು ವೈದ್ಯರಲ್ಲಿಗೆ ಹೋಗಬೇಕು. ಹೋಗುವಾಗ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ ಕರುಳಿನ ಕ್ಯಾನ್ಸರ್ ಬಂದಿತ್ತೆಂಬುದನ್ನು ಬರೆದುಕೊಂಡು ಹೋದರೆ, ಪರೀಕ್ಷೆ ಎಷ್ಟು ಬೇಗ ಆಗಬೇಕೆಂದು ನಿರ್ಧರಿಸಲು ಅವರಿಗೆ ಸುಲಭವಾಗುತ್ತದೆ.