ಹೊರನಾಡಿನ ಕಳೆಗಳೂ ಅವುಗಳ ಶತ್ರುಗಳೂ

ಭೂಮಂಡಲದಲ್ಲಿ ಎಲ್ಲಾ ಗಿಡಗಳೂ ಪ್ರಾಣಿಗಳೂ ಎಲ್ಲೆಡೆಯಲ್ಲಿಯೂ ಇರುವುದಿಲ್ಲ. ಇದಕ್ಕೆ ಹವಾಗುಣವೊಂದೇ ಕಾರಣವಲ್ಲ. ಎರಡು ಖಂಡಗಳ ಹವಾಗುಣವು ಒಂದೇ ತೆರನಾಗಿದ್ದರೂ ನಡುವೆ ಸಮುದ್ರವಿರುವಲ್ಲಿ, ಅಲ್ಲಿನ ಜೀವಿಗಳು ಹೆಚ್ಚಾಗಿ ಇಲ್ಲಿಗೆ ತಾವಾಗಿ ಬರಲಾರವು.

ಹೊಲದ ಬೇಲಿಯೇ ಇದಕ್ಕೆ ನಿದರ್ಶನ. ಬೊಂತೆಗಳ್ಳಿಯನ್ನು ಕಡಿದರೆ ಬಿಳಿಯ ಹಾಲು ಸುರಿಯುವುದು. ಇದು ಈ ನಾಡಿನದೇ. ಪಾಪಾಸುಕಳ್ಳಿಯನ್ನು ಕಡಿದರೆ ಹಾಲು ಬಾರದು. ಇದು ಅಮೇರಿಕಾ ಖಂಡದ್ದು. ಎರಡೂ ಒಣನೆಲಕ್ಕೆ ಹೊಂದಿಕೊಂಡು ದಪ್ಪ ಕಾಂಡವನ್ನೂ ಮುಳ್ಳುಗಳನ್ನೂ ತಳೆದಿವೆಯೇ ಹೊರತು ಒಂದೇ ಕುಲದವಲ್ಲ.

ಪ್ರತಿಯೊಂದು ಗಿಡಕ್ಕೂ ಅದರ ಹುಟ್ಟುನೆಲದಲ್ಲಿ ತಿನ್ನುವ ಹುಳುಗಳೂ ತಗಲುವ ರೋಗಗಳೂ ಉಂಟು. ಇವು ಅದನ್ನು ಮಿತಿಯಲ್ಲಿಡುತ್ತವೆ. ಗಿಡವು ಸಮುದ್ರ ದಾಟಿ ಬಂದು ಶತ್ರುಗಳು ಹಿಂದೆ ಉಳಿದರೆ, ಅದು ತಡೆಯಿಲ್ಲದೆ ಹಬ್ಬಬಹುದು. ಪಾಪಾಸುಕಳ್ಳಿಯು ದಕ್ಷಿಣ ಭಾರತದ ಗೋಮಾಳಗಳನ್ನು ಆಕ್ರಮಿಸಿದ್ದು ಹೀಗೆಯೇ. 1795ರಲ್ಲಿ ಕೆಂಪು ಬಣ್ಣ ತೆಗೆಯುವುದಕ್ಕಾಗಿ ಬ್ರೆಜಿಲ್ ದೇಶದಿಂದ ಕಾಚಿನೀಲ್ ಎಂಬ ಹುಳುವನ್ನು ತರಿಸಿದರು. ಬಣ್ಣವು ಕೀಳುತರದ್ದಾಯಿತು, ಆದರೆ ಹುಳುವು ಒಂದು ಜಾತಿಯ ಪಾಪಾಸುಕಳ್ಳಿಯನ್ನು ಬಹುಮಟ್ಟಿಗೆ ನಾಶಮಾಡಿತು. ಉಳಿದ ಇನ್ನೊಂದು ಜಾತಿಯು 1926ರಲ್ಲಿ ಸಿಂಹಳದಿಂದ ಬೇರೆ ಬಗೆಯ ಕಾಚಿನೀಲ್ ಹುಳುವನ್ನು ತಂದು ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ವಿಸ್ತಾರವಾದ ಪ್ರದೇಶಗಳಲ್ಲಿ ಅಳಿಯಿತು.

ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಗಿಡವೂ ಅಮೇರಿಕಾ ಖಂಡದ್ದೇ. 1955ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಇದು ಈಗ ದೇಶವನ್ನೆಲ್ಲ ವ್ಯಾಪಿಸಿದೆ. ದನಗಳ ಮೇವಿನ ಹುಲ್ಲನ್ನು ಅಡಗಿಸುವುದಲ್ಲದೆ ಅನೇಕರ ಚರ್ಮಕ್ಕೆ ತುರಿಕೆಯನ್ನುಂಟುಮಾಡುತ್ತದೆ. ಮೆಕ್ಸಿಕೋ ದೇಶದ ಎಲೆ ತಿನ್ನುವ ದುಂಬಿಯನ್ನು 1983ರಲ್ಲಿ ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, 1984ರಲ್ಲಿ ಬಿಡಲಾಯಿತು. ಇದು ಮಳೆಗಾಲದಲ್ಲಿ ಎಲೆಗಳನ್ನು ಮೇಯುವುದು. ಒಣಗಾಲದಲ್ಲಿ ಮಣ್ಣಿನಲ್ಲಿ ಅಡಗಿರುವುದು. ಆದುದರಿಂದ ದುಂಬಿಯನ್ನೇ ನಂಬಿ ಕೈಕಟ್ಟಿ ಕೂರಲಾಗದು.

ಭೂಹಿಡುವಳಿದಾರರೂ ಗ್ರಾಮದ ಮುಖಂಡರೂ ಗಮನಿಸತಕ್ಕ ಅಂಶಗಳು:

1. ಕಾಂಗ್ರೆಸ್ ಗಿಡವನ್ನು ನೆಲ ಹಸಿಯಾಗಿರುವಾಗ, ಹೂ ಬಿಡುವ ಮೊದಲೇ ಬೇರುಸಹಿತ ಕೀಳತಕ್ಕದ್ದು. ಬರಿಗೈಯಿಂದ ಮುಟ್ಟಬಾರದು. ಬೀಜವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಈ ಕೆಲಸವನ್ನು ಪ್ರತಿವರ್ಷವೂ ಮಾಡತಕ್ಕದ್ದು.

2. ಪರದೇಶದ ಬೀಜ, ಸಸಿಗಳನ್ನು ಸರ್ಕಾರದ ಪರೀಕ್ಷೆಯಿಲ್ಲದೆ ತರಿಸಬಾರದು.

3. ಹೊರಗಿನ ಹುಳುಗಳನ್ನು ಸ್ವಂತ ಇಚ್ಛೆಯಿಂದ ಬಿಡಬಾರದು. ಕಳೆಯನ್ನು ತಿನ್ನುವ ಹುಳುವು ಬೆಳೆಯನ್ನೂ ತಿನ್ನಬಹುದು.

4. ಗೋಮಾಳದಲ್ಲಾಗಲಿ ಕೆರೆಯಂಗಳದಲ್ಲಾಗಲಿ ಗುರುತಿಲ್ಲದ ಗಿಡವು ಹಬ್ಬುತ್ತಿರುವುದು ಕಂಡರೆ ಕೂಡಲೆ ಕೃಷಿ ಇಲಾಖೆಯವರಿಗೆ ತೋರಿಸತಕ್ಕದ್ದು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆಯು ಕಳೆಯ ವಿಷಯದಲ್ಲಿ ಅಕ್ಷರಶಃ ನಿಜ.