ಒಂದೇ ಊರು, ಐದು ಓಟು: ಮಂಡ್ಯದ ಚುನಾವಣಾ ಸುದ್ದಿ ಓದುವ ಬಗೆ

ಮದ್ದೂರಿಗೆ ಹತ್ತಿರ, ಶಿಂಷಾ ನದಿಯ ದಂಡೆಯಲ್ಲಿರುವ ವೈದ್ಯನಾಥಪುರವನ್ನು ಹೊರಗಿನವರು ವೈದ್ಯನಾಥೇಶ್ವರನ ದೇವಸ್ಥಾನದಿಂದ ಗುರುತಿಸುತ್ತಾರೆ. ಆದರೆ ಈ ಸೀಮೆಗೆ ಸೊಸೆಯಾಗಿಯೋ ಕೆಲಸದ ಮೇಲೋ ಬಂದವರ ಕಿವಿಗೆ ಬಲುಬೇಗ ಬೀಳುವುದು ರಾಜಕೀಯದ ಮಾತು. ಡೇರಿಯ ಮುಂದೆ, ಟೀ ಅಂಗಡಿಯಲ್ಲಿ, ಆಲೆಮನೆಯಲ್ಲಿ ಎಲ್ಲೆಲ್ಲೂ ಅದೇ. ಹೊಸಬರಿಗೆ, ಈಗಷ್ಟೇ ಹದಿನೆಂಟು ತುಂಬಿ ಪಟ್ಟಿಗೆ ಹೆಸರು ಸೇರಿಸಿದ ಹುಡುಗ ಹುಡುಗಿಯರಿಗೆ, ಮೊದಮೊದಲು ಇದರ ತಲೆಬುಡ ತಿಳಿಯುವುದಿಲ್ಲ. ನಿನ್ನೆ ಎಲ್ಲ ಕಡೆ ಗೆದ್ದ ಪಕ್ಷ ಇಂದು ಹೇಗೆ ಸೋತಿತು ಎಂಬುದೇ ಒಗಟು.

ಅದನ್ನು ಬಿಡಿಸುವ ಸೂತ್ರ ಸರಳವಾಗಿದೆ. ಇಲ್ಲಿನ ಮತದಾರರು ಪ್ರತಿ ಚುನಾವಣೆಗೂ ಬೇರೆ ಬೇರೆ ಲೆಕ್ಕ ಹಾಕುತ್ತಾರೆ. ಹಾಗಾಗಿ ಸುದ್ದಿ ಓದುವವರೂ ಒಂದು ಚುನಾವಣೆಯ ಲೆಕ್ಕವನ್ನು ಇನ್ನೊಂದಕ್ಕೆ ಬೆರೆಸಬಾರದು.

ಮೊದಲ ಪ್ರಶ್ನೆ: ಇದು ಯಾವ ಚುನಾವಣೆ?

ಹಳ್ಳಿಯ ಮತದಾರರಿಗೆ ಐದು ಕಡೆ ಓಟಿದೆ: ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ವಿಧಾನಸಭೆ, ಲೋಕಸಭೆ. ಮೊದಲ ಮೂರನ್ನು ರಾಜ್ಯ ಚುನಾವಣಾ ಆಯೋಗ ನಡೆಸುತ್ತದೆ, ಕೊನೆಯ ಎರಡನ್ನು ಭಾರತ ಚುನಾವಣಾ ಆಯೋಗ. ‘ಆಯೋಗ ಹೇಳಿದೆ’ ಎಂಬ ಸುದ್ದಿ ಕಂಡಾಗ ಯಾವ ಆಯೋಗ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಎರಡನೆಯದು ಗಡಿ. ಮಂಡ್ಯ ಜಿಲ್ಲೆಯಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ: ಮಂಡ್ಯ, ಮದ್ದೂರು, ಮಳವಳ್ಳಿ, ಮೇಲುಕೋಟೆ, ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆ. ಇವುಗಳಲ್ಲಿ ಮಳವಳ್ಳಿ ಪರಿಶಿಷ್ಟ ಜಾತಿಗೆ ಮೀಸಲು. ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಮಾತ್ರ ಮೈಸೂರು ಜಿಲ್ಲೆಯ ಕೃಷ್ಣರಾಜನಗರವೂ ಸೇರಿ ಎಂಟು. ಜಿಲ್ಲೆಯ ಸುದ್ದಿಯಲ್ಲಿ ಏಳು, ಲೋಕಸಭೆಯ ಸುದ್ದಿಯಲ್ಲಿ ಎಂಟು ಎಂದು ಬರೆದಿದ್ದರೆ ಎರಡೂ ಸರಿಯೇ.

ಏಳಕ್ಕೆ ಏಳು ಗೆದ್ದವರ ಸೋಲು

ಈಗ ಸೂತ್ರವನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. 2018ರ ವಿಧಾನಸಭಾ ಚುನಾವಣೆಯಲ್ಲಿ ಜೆಡಿಎಸ್ ಜಿಲ್ಲೆಯ ಏಳಕ್ಕೆ ಏಳೂ ಸ್ಥಾನ ಗೆದ್ದಿತು. ಕೃಷ್ಣರಾಜನಗರವೂ ಅದರದೇ. ಆಮೇಲೆ ಕಾಂಗ್ರೆಸ್ ಜೊತೆ ಸೇರಿ ಸರ್ಕಾರ ಮಾಡಿತು. ಅದೇ ನವೆಂಬರ್‌ನ ಲೋಕಸಭಾ ಉಪಚುನಾವಣೆಯಲ್ಲಿ ಜೆಡಿಎಸ್‌ನ ಎಲ್.ಆರ್. ಶಿವರಾಮೇಗೌಡರು ಮೂರು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಕಾಗದದ ಮೇಲೆ ಈ ಕ್ಷೇತ್ರ ಆ ಪಕ್ಷದ ಭದ್ರಕೋಟೆ.

ಅದೇ ತಿಂಗಳು ನಟ, ಮಾಜಿ ಸಂಸದ ಅಂಬರೀಶ್ ತೀರಿಕೊಂಡರು. ಅವರು ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು. 2019ರಲ್ಲಿ ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ನಿಂತರು. ಕಹಳೆ ಊದುವ ರೈತ ಅವರ ಗುರುತು, ಸ್ವಾಭಿಮಾನ ಅವರ ಪ್ರಚಾರದ ಮಾತು. ನಟರಾದ ಯಶ್ ಮತ್ತು ದರ್ಶನ್ ಸುಮಲತಾ ಪರ ಊರೂರು ತಿರುಗಿದರು. ಆ ಇಬ್ಬರನ್ನು ಜನ ಜೋಡೆತ್ತು ಎಂದೇ ಕರೆದರು. ಬಿಜೆಪಿ ಬೆಂಬಲ ಕೊಟ್ಟಿತು. ಎದುರಿಗಿದ್ದವರು ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ, ಜೆಡಿಎಸ್‌ನ ನಿಖಿಲ್. ಸುಮಲತಾ 1,25,876 ಮತಗಳ ಅಂತರದಿಂದ ಗೆದ್ದರು. ಎಂಟು ಕ್ಷೇತ್ರಗಳ ಶಾಸಕರೂ ಒಂದೇ ಪಕ್ಷದವರಾಗಿದ್ದರೂ ಆ ಪಕ್ಷಕ್ಕೆ ಸಂಸದ ಸ್ಥಾನ ದಕ್ಕಲಿಲ್ಲ.

ಇದೊಂದು ಸಲದ ಮಾತಲ್ಲ. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಜಿಲ್ಲೆಯ ಏಳರಲ್ಲಿ ಐದು ಗೆದ್ದಿತು, ಮದ್ದೂರಿನಲ್ಲಿ ಕೆ.ಎಂ. ಉದಯ್, ಮಳವಳ್ಳಿಯಲ್ಲಿ ಪಿ.ಎಂ. ನರೇಂದ್ರಸ್ವಾಮಿ ಶಾಸಕರಾದರು. ಕೃಷ್ಣರಾಜನಗರ ಸೇರಿದರೆ ಎಂಟರಲ್ಲಿ ಆರು. ಆ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಬಿಜೆಪಿಯ ಮೈತ್ರಿಕೂಟ ಸೇರಿತು. 2024ರ ಲೋಕಸಭಾ ಚುನಾವಣೆಯಲ್ಲಿ ಎಚ್.ಡಿ. ಕುಮಾರಸ್ವಾಮಿಯವರೇ ನಿಂತು ಕಾಂಗ್ರೆಸ್‌ನ ಸ್ಟಾರ್ ಚಂದ್ರು ಅವರನ್ನು 2,84,620 ಮತಗಳಿಂದ ಸೋಲಿಸಿದರು.

ಶಾಸಕರನ್ನು ಆರಿಸುವಾಗ ನಾಲೆಗೆ ನೀರು ಬಂತೇ, ಕಬ್ಬಿನ ಬಾಕಿ ಕೈಸೇರಿತೇ, ಕಷ್ಟಕ್ಕೆ ಯಾರು ಸಿಗುತ್ತಾರೆ ಎಂಬುದು ಮುಂದೆ ಬರುತ್ತದೆ. ಸಂಸದರನ್ನು ಆರಿಸುವಾಗ ಕೇಂದ್ರದಲ್ಲಿ ಯಾರು, ಕಾವೇರಿಯ ವಿಷಯದಲ್ಲಿ ದಿಲ್ಲಿಯಲ್ಲಿ ಯಾರು ಮಾತಾಡುತ್ತಾರೆ, ಯಾರು ಯಾರ ಜೊತೆ ಕೈ ಜೋಡಿಸಿದ್ದಾರೆ ಎಂಬುದೂ ಸೇರಿಕೊಳ್ಳುತ್ತದೆ. ಮತದಾರರು ಅವರೇ, ಅವರ ಮುಂದಿನ ಪ್ರಶ್ನೆ ಬೇರೆ.

ದೊಡ್ಡ ಪಕ್ಷಗಳ ಚೀಟಿ ಇಲ್ಲದವರನ್ನು ಗೆಲ್ಲಿಸುವುದೂ ಈ ನೆಲಕ್ಕೆ ಹೊಸದಲ್ಲ. ಮುಂದೆ ಮುಖ್ಯಮಂತ್ರಿಯಾದ ಸೋಮನಹಳ್ಳಿಯ ಎಸ್.ಎಂ. ಕೃಷ್ಣ 1962ರಲ್ಲಿ ಮದ್ದೂರಿನಿಂದ ಮೊದಲು ಗೆದ್ದಿದ್ದು ಪಕ್ಷೇತರರಾಗಿ. ಮಳವಳ್ಳಿಯಲ್ಲಿ ನರೇಂದ್ರಸ್ವಾಮಿ 2008ರಲ್ಲಿ ಹಾಗೆಯೇ ಗೆದ್ದರು. ಮೇಲುಕೋಟೆಯ ಜನ 2013ರಲ್ಲಿ ರೈತ ಮುಖಂಡ ಕೆ.ಎಸ್. ಪುಟ್ಟಣ್ಣಯ್ಯ ಅವರನ್ನು, 2023ರಲ್ಲಿ ಅವರ ಮಗ ದರ್ಶನ್ ಅವರನ್ನು ವಿಧಾನಸಭೆಗೆ ಕಳಿಸಿದರು.

ಊರ ಚುನಾವಣೆಯ ಸುದ್ದಿ

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗೆ ಜಾಗವಿಲ್ಲ. ಆದ್ದರಿಂದಲೇ ಪತ್ರಿಕೆಗಳು ‘ಕಾಂಗ್ರೆಸ್ ಬೆಂಬಲಿತರು’, ‘ಜೆಡಿಎಸ್ ಬೆಂಬಲಿತರು’ ಎಂದು ಬರೆಯುತ್ತವೆ. ಒಬ್ಬರೇ ಸದಸ್ಯರನ್ನು ಎರಡು ಪಕ್ಷದವರೂ ತಮ್ಮವರೆನ್ನಬಹುದು. ಇಂಥ ಪಟ್ಟಿಯಿಂದ ಮುಂದಿನ ವಿಧಾನಸಭೆಯ ಭವಿಷ್ಯ ಹೇಳುವವರ ಮಾತನ್ನು ಕೂಡಲೇ ನಂಬಬೇಡಿ. ಅಧ್ಯಕ್ಷರನ್ನು ಆರಿಸುವುದೂ ಜನರಲ್ಲ, ಗೆದ್ದ ಸದಸ್ಯರು. ಅಲ್ಲಿ ಮೀಸಲಾತಿಯ ಪಟ್ಟಿ ಬಹಳ ಮುಖ್ಯ.

ಇನ್ನು ಹಾಲಿನ ಡೇರಿ, ಸಹಕಾರ ಸಂಘ, ಗೆಜ್ಜಲಗೆರೆಯ ಮನ್ಮುಲ್ (ಜಿಲ್ಲಾ ಹಾಲು ಒಕ್ಕೂಟ) ಚುನಾವಣೆಗಳೂ ಇಲ್ಲಿ ದೊಡ್ಡ ಸುದ್ದಿ. ಅಲ್ಲಿ ಊರಿನವರಿಗೆಲ್ಲ ಓಟಿಲ್ಲ. ಸದಸ್ಯತ್ವ ಉಳ್ಳವರಿಗೆ, ಸಂಘದ ಪ್ರತಿನಿಧಿಗಳಿಗೆ ಮಾತ್ರ. ಹಾಲಿನ ದುಡ್ಡಿನಲ್ಲಿ ಮನೆ ನಡೆಸುವವರಿಗೆ ಆ ಫಲಿತಾಂಶವೂ ವಿಧಾನಸಭೆಯಷ್ಟೇ ಹತ್ತಿರದ್ದು.

ಒಂದು ಕೊರತೆಯನ್ನೂ ಹೇಳಲೇಬೇಕು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ಕ್ಕೆ ಅವಧಿ ಮುಗಿದರೂ ಸಕಾಲಕ್ಕೆ ಮತ್ತೆ ನಡೆಯಲಿಲ್ಲ. ನಡೆಯದ ಚುನಾವಣೆಯೂ ಸುದ್ದಿಯೇ. ಐದು ಓಟಿನಲ್ಲಿ ಎರಡು ನಮ್ಮ ಕೈಗೆ ಬರದಿದ್ದರೆ ಅದನ್ನು ಕೇಳುವ ಹಕ್ಕು ನಮಗಿದೆ.

ಎಣಿಕೆಯ ದಿನದ ಮಾತುಗಳು

ಮುನ್ನಡೆ ಗೆಲುವಲ್ಲ. ಎಣಿಕೆ ಸುತ್ತುಗಳಲ್ಲಿ ನಡೆಯುತ್ತದೆ. ಬೆಳಿಗ್ಗೆ ಹಿಂದಿದ್ದವರು ಮಧ್ಯಾಹ್ನ ಮುಂದೆ ಬರಬಹುದು. ಕೊನೆಯ ಸುತ್ತಿನವರೆಗೂ ತಾಳ್ಮೆ ಇರಲಿ. ಗೆಲುವಿನ ಅಂತರವನ್ನೂ ನೋಡಿ: 2013ರ ಲೋಕಸಭಾ ಉಪಚುನಾವಣೆಯಲ್ಲಿ ಗೆದ್ದ ಕಾಂಗ್ರೆಸ್‌ನ ರಮ್ಯಾ, 2014ರಲ್ಲಿ ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು ಅವರೆದುರು 5,518 ಮತಗಳಿಂದ ಸೋತರು. ಲಕ್ಷಗಟ್ಟಲೆ ಮತದಾರರ ಕ್ಷೇತ್ರದಲ್ಲಿ ಅಂತರ ಅಷ್ಟಕ್ಕೂ ಇಳಿಯಬಲ್ಲದು.

ಠೇವಣಿ ನಷ್ಟವೆಂದರೆ ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ದಕ್ಕಲಿಲ್ಲ ಎಂದರ್ಥ. ಠೇವಣಿ ವಿಧಾನಸಭೆಗೆ 10,000, ಲೋಕಸಭೆಗೆ 25,000 ರೂಪಾಯಿ. ಪರಿಶಿಷ್ಟರಿಗೆ ಅದರ ಅರ್ಧ. ಮತಗಟ್ಟೆ ಸಮೀಕ್ಷೆಯೆಂಬುದು ಊಹೆ. ಕೊನೆಯ ಹಂತದ ಮತದಾನ ಮುಗಿಯುವವರೆಗೆ ಅದನ್ನು ಪ್ರಕಟಿಸುವಂತಿಲ್ಲ. 2024ರಲ್ಲಿ ಮಂಡ್ಯ ಏಪ್ರಿಲ್ 26ರಂದು ಓಟು ಹಾಕಿ ಜೂನ್ 4ರವರೆಗೆ ಕಾಯಿತು. ಅಷ್ಟು ದಿನ ಮೊಬೈಲಿನಲ್ಲಿ ಹರಿದಾಡಿದ ‘ಪಕ್ಕಾ ಲೆಕ್ಕ’ ಯಾವುದೂ ಫಲಿತಾಂಶವಾಗಿರಲಿಲ್ಲ.

ಮುಂದಿನ ಸಲ ಚುನಾವಣೆಯ ಸುದ್ದಿ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಯಾವ ಚುನಾವಣೆ? ಯಾವ ಗಡಿಯೊಳಗೆ? ಯಾರು ಯಾರ ಜೊತೆಗಿದ್ದಾರೆ? ಹೇಳುತ್ತಿರುವುದು ಎಣಿಕೆಯೋ ಊಹೆಯೋ? ಉತ್ತರಗಳನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದೆರಡು ಚುನಾವಣೆ ಕಳೆಯುವಷ್ಟರಲ್ಲಿ ಡೇರಿಯ ಮುಂದಿನ ಚರ್ಚೆಯಲ್ಲಿ ನೀವೂ ಧೈರ್ಯವಾಗಿ ಬಾಯಿ ಹಾಕುತ್ತೀರಿ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಓಟನ್ನು ಇನ್ನೊಬ್ಬರ ಲೆಕ್ಕಕ್ಕೆ ಬಿಟ್ಟುಕೊಡದೆ ನೀವೇ ಯೋಚಿಸಿ ಹಾಕುತ್ತೀರಿ.