ವ್ರತದ ಪಾಠ: ಬಿಟ್ಟದ್ದೇನು, ಬಿಡಿಸಿದ್ದೇನು?



 ಇಂದಿನ ಪಾಠ ತ್ಯಾಗದ ಬಗ್ಗೆ.

41 ದಿನದ ವ್ರತದಲ್ಲಿ ಏನೇನು ಬಿಡಬೇಕೆಂದು ನಮಗೆಲ್ಲ ಗೊತ್ತು. ಮಾಂಸ, ಮದ್ಯ, ಕ್ಷೌರ, ಚಪ್ಪಲಿ, ಮೆತ್ತನೆಯ ಹಾಸಿಗೆ. ನಾನು ಕನ್ನಿಸ್ವಾಮಿಯಾಗಿದ್ದ ವರ್ಷ ಆಫೀಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ಈ ಪಟ್ಟಿ ಒಪ್ಪಿಸುತ್ತಿದ್ದೆ.

ಆಗ ನಮ್ಮ ಮನೆ ಡೊಂಬಿವಲಿಯಲ್ಲಿ. ಬೆಳಗಿನ ಲೋಕಲ್ ಹಿಡಿಯುವ ಮೊದಲು ಸ್ನಾನ, ಪೂಜೆ, ಶರಣು ಘೋಷ ಮುಗಿಯಬೇಕು. ಅದಕ್ಕೆ ನಾನು ನಾಲ್ಕೂವರೆಗೆ ಏಳುತ್ತಿದ್ದೆ. ಅಮ್ಮ ಮೂರೂವರೆಗೇ ಏಳುತ್ತಿದ್ದರು. ಮಂಡಿನೋವಿನಲ್ಲೇ ಸ್ನಾನ ಮುಗಿಸಿ, ನನಗೆಂದೇ ತೆಗೆದಿಟ್ಟ ಪಾತ್ರೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಮಾಡಿ ಡಬ್ಬಿ ಕಟ್ಟಿಡುತ್ತಿದ್ದರು. ಒಂದು ದಿನ ಡಬ್ಬಿ ತಡವಾಯಿತು. "ವ್ರತದಲ್ಲಿರೋನಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗಬಾರದಾ?" ಎಂದು ಸಿಡುಕಿ ಹೊರಟುಬಿಟ್ಟೆ.

ಅಂದು ಸಂಜೆ ಭಜನೆಯಲ್ಲಿ ಗುರುಸ್ವಾಮಿಯವರ ಮುಂದೆ, ಮನೆಯಲ್ಲಿ ಸಹಕಾರ ಸಾಲದು ಎಂದು ಹೇಳಿಕೊಂಡೆ. ಅವರು ಕೇಳಿದ್ದು ಇಷ್ಟೇ: "ಸ್ವಾಮಿ, ಈ ಮಂಡಲದಲ್ಲಿ ನೀವು ಬಿಟ್ಟದ್ದೇನು? ಮನೆಯವರ ಕೈಲಿ ಬಿಡಿಸಿದ್ದೇನು?"

ಲೆಕ್ಕ ಹಾಕಿದೆ. ಅಮ್ಮ ನಿದ್ದೆ ಬಿಟ್ಟಿದ್ದರು. ಅಪ್ಪ ಭಾನುವಾರದ ಮೀನೂಟ ಬಿಟ್ಟಿದ್ದರು. ತಂಗಿ ತನ್ನ ಕೋಣೆಯನ್ನೇ ನನ್ನ ಪೂಜೆಗೆ ಬಿಟ್ಟುಕೊಟ್ಟು ಹಾಲ್‌ನಲ್ಲಿ ಮಲಗುತ್ತಿದ್ದಳು. ಮಾಲೆ ನನ್ನ ಕೊರಳಲ್ಲಿತ್ತು, ವ್ರತ ಇಡೀ ಮನೆ ಮಾಡುತ್ತಿತ್ತು. ನಾನು ಬಿಟ್ಟದ್ದರಿಂದ ಯಾರ ಹೊರೆಯೂ ಇಳಿದಿರಲಿಲ್ಲ.

ಮಣಿಕಂಠನ ಕಥೆಯನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿ. ರಾಣಿಯ ತಲೆನೋವಿಗೆ ಹುಲಿಯ ಹಾಲೇ ಮದ್ದು ಎಂದಾಗ, ಹನ್ನೆರಡರ ಬಾಲಕ ಕಾಡಿಗೆ ಹೊರಟ. ಹುಲಿಗಳ ಹಿಂಡಿನೊಂದಿಗೆ ಮರಳಿದಾಗ ಕುತಂತ್ರ ಬಯಲಾಯಿತು. ಪಂದಳ ರಾಜ ಸಿಂಹಾಸನ ಕೊಡಲು ಸಿದ್ಧನಿದ್ದ. ಮಣಿಕಂಠ ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು ಶಬರಿಗಿರಿಗೆ ನಡೆದ. ಯಾರ ಸಲುವಾಗಿ ಆ ಕುತಂತ್ರ ನಡೆದಿತ್ತೋ ಆ ತಮ್ಮನಿಗೇ ಕಿರೀಟ! ತಾಯಿಯನ್ನು ದೂರಲೂ ಇಲ್ಲ. ಇಂದಿಗೂ ಮಕರವಿಳಕ್ಕಿಗೆ ತಿರುವಾಭರಣ ಪಂದಳದಿಂದಲೇ ಹೊರಡುತ್ತದೆ.

ನಿಯಮಕ್ಕಾಗಿ ಬಿಡುವುದು ನಿಗ್ರಹ. ಅದು ಬೇಕು, ಅದರಿಂದ ಮನಸ್ಸು ಗಟ್ಟಿಯಾಗುತ್ತದೆ. ಆ ಗಟ್ಟಿತನ ಇನ್ನೊಬ್ಬರ ಕಷ್ಟದ ಹೊತ್ತಿಗೆ ಒದಗಿದರೆ ಅದು ತ್ಯಾಗ.

ಆ ಮಾತು ಕೇಳಿಯೂ ನಾನು ಮಲೆಯಲ್ಲಿ ಸೋತೆ. ಇದನ್ನು ಮುಚ್ಚಿಡುವುದಿಲ್ಲ. ನೀಲಿಮಲೆ ದಾಟಿ ಅಪ್ಪಾಚಿಮೇಡು ಹತ್ತುವಾಗ ನಮ್ಮ ತಂಡದ ಒಬ್ಬ ಹುಡುಗನಿಗೆ ಉಸಿರು ಸಿಕ್ಕದೆ ಕುಸಿದು ಕೂತ. ತುರ್ತು ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ದೆವು. ಕೆಲವು ಗಂಟೆ ಮಲಗಿರಲಿ ಎಂದರು. ಜೊತೆಗೆ ಒಬ್ಬರು ಉಳಿಯಬೇಕಿತ್ತು. ನಮ್ಮ ವರ್ಚುವಲ್ ಕ್ಯೂ ಸಮಯ ಹತ್ತಿರವಾಗಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ನೆಲ ನೋಡಿದೆ. "ನೀವೆಲ್ಲ ಹೊರಡಿ, ನಾನಿರ್ತೀನಿ" ಎಂದರು ಗುರುಸ್ವಾಮಿ.

ನಾನು ಹದಿನೆಂಟು ಮೆಟ್ಟಿಲು ಹತ್ತಿದೆ, ತುಪ್ಪದಭಿಷೇಕ ಕಂಡೆ. ಅವರು ಹುಡುಗನ ಜೊತೆ ಮೇಲೆ ಬರುವಷ್ಟರಲ್ಲಿ ಅಭಿಷೇಕದ ಹೊತ್ತು ಮುಗಿದಿತ್ತು. "ನಿಮಗೆ ಅಭಿಷೇಕ ತಪ್ಪಿತಲ್ಲ ಸ್ವಾಮಿ" ಎಂದೆ. "ಮಾಲೆ ಹಾಕಿದ ದಿನದಿಂದ ಆ ಹುಡುಗನನ್ನೂ ಸ್ವಾಮಿ ಅಂತಲೇ ಕರೀತಿದ್ದೀವಲ್ಲ?" ಎಂದು ನಕ್ಕು, "ಎಲ್ಲರದೂ ಊಟ ಆಯ್ತಾ?" ಎಂದು ಕೇಳಿದರು. ಸನ್ನಿಧಾನದಲ್ಲಿ ಬರೆದಿರುವ 'ತತ್ತ್ವಮಸಿ'ಯ ಅರ್ಥ ನನಗೆ ಹತ್ತಿದ್ದು ಆಗ.

ಈ ಮಂಡಲದಲ್ಲಿ ಇಷ್ಟು ಮಾಡಿ ನೋಡಿ:

1. ವಾರಕ್ಕೆ ಮೂರು ದಿನವಾದರೂ ನಿಮ್ಮ ಫಲಾಹಾರ ನೀವೇ ಮಾಡಿಕೊಳ್ಳಿ. ಅವಲಕ್ಕಿ ಸಾಕು. ನಿಮ್ಮ ಪಾತ್ರೆ ನೀವೇ ತೊಳೆಯಿರಿ.

2. ಬಿಟ್ಟ ಸಿನಿಮಾ, ಹೋಟೆಲ್ ಖರ್ಚನ್ನು ಬೇರೆಯಾಗಿ ತೆಗೆದಿಡಿ. ಟಿಕೆಟ್ಟಿಗೆ ಹಣ ಸಾಲದ ಸ್ವಾಮಿಗೋ ಅನ್ನದಾನಕ್ಕೋ ಸದ್ದಿಲ್ಲದೆ ಕೊಡಿ.

3. ಪಂಪೆಯಲ್ಲಿ ಬಟ್ಟೆ ಬಿಡಬೇಡಿ, ಅದು ಆಚಾರವಲ್ಲ. ಪ್ಲಾಸ್ಟಿಕ್ ಒಯ್ಯಬೇಡಿ. ನಾವು ಎಸೆದದ್ದನ್ನು ಯಾರೋ ಬಾಗಿ ಹೆಕ್ಕಬೇಕು.

4. ಬೆಟ್ಟ ಹತ್ತುವಾಗ ತಂಡದಲ್ಲಿ ಅತಿ ನಿಧಾನವಾಗಿ ನಡೆಯುವವರ ಹಿಂದೆ ಒಬ್ಬರು ಇರಲಿ. ಆ ಒಬ್ಬರು ಯಾರೆಂದು ಮನೆಯಲ್ಲೇ ತೀರ್ಮಾನಿಸಿ. ಅಪ್ಪಾಚಿಮೇಡಿನಲ್ಲಿ ನಿಂತು ಯೋಚಿಸಿದರೆ ನನ್ನ ಹಾಗೆ ನೆಲ ನೋಡುತ್ತೀರಿ.

ಆಮೇಲಿನ ಎಲ್ಲ ಯಾತ್ರೆಯಲ್ಲೂ ನಾನು ಕೊನೆಯವನಾಗಿ ನಡೆದಿದ್ದೇನೆ. ಒಂದು ವರ್ಷ ಅಭಿಷೇಕ ತಪ್ಪಿತು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಮನೆಗೆ ಬಂದು ಹೇಳಿದಾಗ ಅಮ್ಮ ಅರವಣ ಪ್ರಸಾದ ಕಣ್ಣಿಗೊತ್ತಿಕೊಂಡು, "ಈ ಸಲ ಸರಿಯಾಗಿ ಹೋಗಿ ಬಂದೆ" ಎಂದರು.

ಮುಂದಿನ ವಾರ ಇರುಮುಡಿ ಕಟ್ಟುವ ಕ್ರಮ ನೋಡೋಣ. ಸ್ವಾಮಿ ಶರಣಂ.